ಕೋಡಿಕೆರೆಗೆ ಬಂದ ವಿಷ

2025ರ ನವೆಂಬರ್ 11, ಮಂಗಳವಾರ ಬೆಳಿಗ್ಗೆ ಒಂಬತ್ತೂವರೆ. ಹೆಡತಲೆ ಕಡೆಯ ಹುಚ್ಚಯ್ಯ ನಂಜನಗೂಡಿನ ಠಾಣೆಯ ಮೆಟ್ಟಿಲು ಹತ್ತಿ ಬಂದಾಗ ಅವನ ಎರಡು ಕೈಯಲ್ಲೂ ಬಕೆಟ್‌ಗಳಿದ್ದವು. ಪಂಚೆ ಮೊಣಕಾಲ ತನಕ ಕೆಸರು. ಠಾಣೆಯ ರೈಟರ್‌ನ ಮೇಜಿನ ಮುಂದೆ ನಿಂತು ಒಂದು ಬಕೆಟ್ಟನ್ನು ಹಾಗೇ ನೆಲಕ್ಕೆ ಸುರಿದುಬಿಟ್ಟ. ಕಾಟ್ಲಾ, ರೋಹು, ನಡುವೆ ಒಂದೆರಡು ಏಡಿ. ಎಲ್ಲ ಬಾಯಿ ತೆರೆದುಕೊಂಡು ಸತ್ತಿದ್ದವು.

"ಏನಯ್ಯ ಇದು, ಠಾಣೇನ ಮೀನ್ ಮಾರ್ಕೆಟ್ ಅಂದ್ಕೊಂಡ್ಯಾ?" ಎಂದು ರೈಟರ್ ರೇಗಿದ.

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ರೋಜಾ ಹೊರಗೆ ಬಂದಳು. ಠಾಣೆಗೆ ವರ್ಗವಾಗಿ ಬಂದು ನಾಲ್ಕು ತಿಂಗಳಾಗಿತ್ತು. ತಿ. ನರಸೀಪುರ ತಾಲ್ಲೂಕಿನವಳು, ದಲಿತರ ಕಾಲೋನಿಯಲ್ಲೇ ಹುಟ್ಟಿ ಬೆಳೆದವಳು. ಮೀನನ್ನೂ ಅದನ್ನು ಸುರಿದವನ ಮುಖವನ್ನೂ ನೋಡಿ ಒಂದು ಕುರ್ಚಿ ಎಳೆದು ಹಾಕಿದಳು.

"ಕೂತ್ಕೊಳ್ಳಿ. ಏನಾಯ್ತು ಹೇಳಿ."

"ಕೆರೆಗೆ ವಿಷ ಆಕ್ಬುಟ್ಟವ್ರೆ ಮೇಡಂ. ಕೋಡಿಕೆರೆ. ಈ ವರ್ಸ ಹರಾಜಲ್ಲಿ ನಮ್ ಕಾಲೋನಿ ಸಂಗುಕ್ಕೆ ಸಿಕ್ಕಿತ್ತು. ನಮ್ ತಾತುನ್ ಕಾಲ್ದಿಂದ್ಲೂ ಆ ಏರಿ ಮ್ಯಾಲೆ ಕೂರಕ್ಕೂ ಬುಡ್ತಿರ್ಲಿಲ್ಲ. ಇದೇ ಮೊದ್ಲು. ಮರಿ ಬುಟ್ಟು ಆರ್ ತಿಂಗ್ಳು ಸಾಕಿದ್ದೋ."

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಏನ್ ಬಂತು. ಬೆಟ್ಟಸ್ವಾಮಿ. ಇಷ್ಟ್ ದಿನ ಕೆರೆ ಅವುನ್ ಕೈಲಿತ್ತು. 'ಒಂದ್ ಮೀನೂ ನಿಮ್ ಬಾಯಿಗೆ ಬೀಳಾಕಿಲ್ಲ' ಅಂತ ಹರಾಜ್ ದಿನ ಎಲ್ರ ಮುಂದೇನೇ ಅಂದಿದ್ದ."

ಅಷ್ಟು ಹೇಳಿ ಹುಚ್ಚಯ್ಯ ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡ. ಹೆಂಡತಿ ಸಾಕಮ್ಮ ಬೆಳಿಗ್ಗೆಯೇ ಕೆರೆಗೆ ಇಳಿದಿದ್ದಳು, ಈಗ ಮೈಸೂರಿನ ಆಸ್ಪತ್ರೆಯಲ್ಲಿದ್ದಾಳೆ, ಆಂಬುಲೆನ್ಸಿನಲ್ಲಿ ಮಗಳು ಕವನ ಜೊತೆಗೆ ಹೋಗಿದ್ದಾಳೆ ಎಂದ.

"ನೀವ್ಯಾಕೆ ಹೋಗಲಿಲ್ಲ?"

"ಅವ್ಳೇ ಕಳಿಸಿದ್ಳು ಮೇಡಂ. 'ನಂಗ್ ಏನೂ ಆಗಲ್ಲ, ಮೊದ್ಲು ಕಂಪ್ಲೇಂಟ್ ಕೊಡು, ಆಮೇಲೆ ಅವ್ರು ಮೀನ್ನೆಲ್ಲ ಬಾಚಿ ಉಗ್ದು ಏನೂ ಆಗೇ ಇಲ್ಲ ಅಂತಾರೆ' ಅಂದ್ಳು."

ಕೆರೆ ನೀರನ್ನು ಮಲಿನಗೊಳಿಸಿದ್ದಕ್ಕೆ, ವಿಷವಸ್ತುವನ್ನು ನಿರ್ಲಕ್ಷ್ಯದಿಂದ ಬಳಸಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂಗಳಡಿ ಎಫ್‌ಐಆರ್ ದಾಖಲಾಯಿತು. ರೋಜಾ ಹೆಡ್ ಕಾನ್‌ಸ್ಟೆಬಲ್ ದೇವಯ್ಯನನ್ನೂ ಹುಚ್ಚಯ್ಯನನ್ನೂ ಕರೆದುಕೊಂಡು ಜೀಪು ಹತ್ತಿದಳು. ದಾರಿಯುದ್ದಕ್ಕೂ ಅವಳು ಹಲ್ಲು ಕಚ್ಚಿಕೊಂಡೇ ಇದ್ದಳು. ಅವಳಜ್ಜಿ ಒಮ್ಮೆ ಊರ ಕೆರೆಯ ಅಂಚಿನಲ್ಲಿ ಸೆರಗಿನಲ್ಲಿ ಎರಡು ಮೀನು ಹಿಡಿದಿದ್ದಕ್ಕೆ ಊರ ಮೇಲ್ಜಾತಿಯವರು ಏರಿಯುದ್ದಕ್ಕೂ ಅಟ್ಟಿಸಿಕೊಂಡು ಹೋಗಿದ್ದರಂತೆ. ಆ ಕತೆಯನ್ನು ಅಜ್ಜಿ ನಗುತ್ತಲೇ ಹೇಳುತ್ತಿದ್ದಳು. ರೋಜಾಳಿಗೆ ಒಂದು ಸಲವೂ ನಗು ಬಂದಿರಲಿಲ್ಲ.

"ಮೊದಲು ಆ ಬೆಟ್ಟಸ್ವಾಮಿ ಮನೆಗೆ ನಡೀರಿ," ಎಂದಳು.

ದೇವಯ್ಯ ಗೇರು ಬದಲಿಸಲಿಲ್ಲ. "ಮೊದ್ಲು ಕೆರೆ ನೋಡ್ಬುಡಣ ಮೇಡಂ. ಅವ್ನೆಲ್ಲಿ ಓಯ್ತಾನೆ? ನೀರ್ ಆದ್ರೆ ಅರ್ಕೊಂಡು ಓಗ್ಬುಡ್ತದೆ."

ಅವಳಿಗೆ ಅವನ ಮೇಲೂ ಸಿಟ್ಟು ಬಂತು. ಆದರೆ ಮಾತು ಸರಿಯಾಗಿತ್ತು.

ಏರಿಯ ಮೇಲೆ ಊರೇ ನೆರೆದಿತ್ತು. ಕಾಲೋನಿಯವರು ಒಂದು ಕಡೆ, ಮೇಲಿನ ಬೀದಿಯವರು ಇನ್ನೊಂದು ಕಡೆ, ನಡುವೆ ಒಂದು ಹುಲ್ಲಿನ ಪಟ್ಟಿ ಯಾರೋ ಅಳೆದು ಬಿಟ್ಟ ಹಾಗೆ ಖಾಲಿ. ಕೆರೆಯ ಉತ್ತರದ ಭಾಗ ಪೂರ್ತಿ ಬೆಳ್ಳಗೆ ಹೊಟ್ಟೆ ಮೇಲಾದ ಮೀನು. ದಕ್ಷಿಣಕ್ಕೆ ಮಾತ್ರ ನೀರು ಇನ್ನೂ ಆಗಾಗ ಮಿಸುಕುತ್ತಿತ್ತು. ನಾಲೆಯ ನೀರು ತರುವ ಕಾಲುವೆ ಕೆರೆ ಸೇರುವ ಜಾಗದಲ್ಲಿ ಹೊಸ ಮಣ್ಣಿನದೊಂದು ಒಡ್ಡು ಕಾಣಿಸಿತು. ಸೊಂಟದೆತ್ತರ, ಕೈಯಲ್ಲೇ ಬಾಚಿ ಹಾಕಿದ್ದು. ಬೆರಳುಗಳ ಗುರುತು ಮಣ್ಣಿನ ಮೇಲೆ ಹಾಗೇ ಮೂಡಿತ್ತು.

"ಇದನ್ನ ಯಾರು ಕಟ್ಟಿದ್ದು?"

"ನನ್ ಎಡ್ತಿ," ಎಂದ ಹುಚ್ಚಯ್ಯ. "ಎಣ್ಣೆ ಎಣ್ಣೆ ಅಂಗೆ ಬತ್ತಿತ್ತಂತೆ ಕಾಲುವೇಲಿ. ನಾನು ಜನ ಕರ್ಯಕ್ಕೆ ಓಡ್ದೆ. ಬರೋ ಒತ್ಗೆ ಅವ್ಳೊಬ್ಳೇ ಕಾಲುವೆಗ್ ಇಳ್ದು ಕಟ್ಬುಟ್ಟಿದ್ಳು."

ಒಡ್ಡಿನ ಹಿಂದೆ ಕಾಲುವೆಯ ನೀರು ಪಕ್ಕದ ಬೀಳು ಗದ್ದೆಗೆ ತಿರುಗಿ ನಿಂತಿತ್ತು. ಅದರ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪದರ. ಕೊಳೆತ ಬೆಳ್ಳುಳ್ಳಿಯ ವಾಸನೆ. ರೋಜಾ ಅದನ್ನೇ ನೋಡುತ್ತ ನಿಂತಳು. ಆ ಹೆಂಗಸು ಕಟ್ಟದಿದ್ದರೆ ಅರ್ಧ ಕೆರೆಯೂ ಉಳಿಯುತ್ತಿರಲಿಲ್ಲ, ಪೊಲೀಸರಿಗೆ ಸಾಕ್ಷಿಯೂ ಸಿಗುತ್ತಿರಲಿಲ್ಲ.

ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಲು ನೀರು, ಮೀನು, ಕೆಸರು ಬಾಟಲಿಗಳಿಗೆ ತುಂಬಿ ಮೊಹರು ಮಾಡಿದರು. ಆಮೇಲೆ ರೋಜಾ, ದೇವಯ್ಯ ಕಾಲುವೆಯ ಅಂಚು ಹಿಡಿದು ಮೇಲಕ್ಕೆ ನಡೆದರು. ದಾರಿಯುದ್ದಕ್ಕೂ ಸತ್ತ ಕಪ್ಪೆ, ಬಸವನಹುಳು, ನೀರುಹಾವು. ಎರಡು ಕಿಲೋಮೀಟರ್ ಮೇಲೆ ನಂಜನಗೂಡು-ಹೆಡತಲೆ ರಸ್ತೆ ಕಾಲುವೆಯನ್ನು ದಾಟುತ್ತದೆ. ಅಲ್ಲೊಂದು ಮೋರಿ. ಮೋರಿಯ ಈ ಕಡೆ ಸಾವು, ಆ ಕಡೆ ಕಪ್ಪೆಗಳು ಕುಪ್ಪಳಿಸುತ್ತಿದ್ದವು.

"ಇಲ್ಲೇ ಸುರಿದಿದ್ದಾರೆ," ಎಂದಳು ರೋಜಾ.

"ಬೆಟ್ಟಸ್ವಾಮಿ ತೋಟ ಕೆರೆ ಮಗ್ಗುಲ್ಲೇ ಅದೆ ಮೇಡಂ," ಎಂದ ದೇವಯ್ಯ. "ಕೆರೆಗೆ ಆಕೋನು ಇಲ್ಲೀಗಂಟ ಯಾಕ್ ಬತ್ತಾನೆ?"

ಆದರೂ ಅವಳು ಬೆಟ್ಟಸ್ವಾಮಿಯನ್ನು ಠಾಣೆಗೆ ಕರೆಸಿಯೇ ಕರೆಸಿದಳು.

ಅವನು ಹಣೆಗೆ ವಿಭೂತಿ ಹಚ್ಚಿ, ಬಿಳಿ ಅಂಗಿ ತೊಟ್ಟು ಬಂದು, ಕೂರಲು ಹೇಳುವ ಮೊದಲೇ ಕೂತ.

"ಹರಾಜಿನ ದಿನ ಏನಂದ್ರಿ?"

"ಸಿಟ್ಟಲ್ಲಿ ನೂರ್ ಅಂತೀವಿ."

"ನಿನ್ನೆ ಸಾಯಂಕಾಲದಿಂದ ಎಲ್ಲಿದ್ರಿ?"

"ಕಳಲೇಲಿ. ತಂಗಿ ಮಗಳ ನಿಶ್ಚಿತಾರ್ಥ. ಫೋಟೋ ಅವೆ, ನೋಡಿ. ಅಲ್ಲ, ನಿಮ್ಮೋರು ಬಂದು ಏಳಿದ್ ಕೂಡ್ಲೆ ನಮ್ಮುನ್ನ ಎಳ್ಕಬಂದ್ರಲ್ಲ?"

'ನಿಮ್ಮೋರು' ಎಂಬ ಮಾತಿಗೆ ರೋಜಾಳ ಕಿವಿ ಬಿಸಿಯಾಯಿತು. ಅವನನ್ನು ಆ ಕ್ಷಣವೇ ಒಳಗೆ ಹಾಕಲು ಅವಳ ಕೈ ತುಡಿಯಿತು. ಮೇಜಿನ ಅಂಚು ಹಿಡಿದುಕೊಂಡು ಹೇಳಿದಳು: "ಅವರು ಹೇಳಿದ್ದಕ್ಕೆ ಕರೆಸಿದ್ದಲ್ಲ. ನೀವು ಹೇಳಿದ್ದಕ್ಕೆ ಕರೆಸಿದ್ದು. ಕೂತಿರಿ, ನಿಶ್ಚಿತಾರ್ಥದ ಮನೆಯವರನ್ನ ಕೇಳ್ತೀವಿ."

ಕೇಳಿದರು. ಮಾತು ನಿಜವಾಗಿತ್ತು.

ಪ್ರಯೋಗಾಲಯದ ವರದಿಗೆ ವಾರಗಳೇ ಹಿಡಿಯುತ್ತವೆ. ಅಲ್ಲಿಯತನಕ ಕಾಯಲು ರೋಜಾ ತಯಾರಿರಲಿಲ್ಲ. ತಿ. ನರಸೀಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಶ್ವೇತ ಅವಳಿಗೆ ಪರಿಚಯ. ಮಧ್ಯಾಹ್ನವೇ ರೋಜಾ ಎರಡು ಕ್ಯಾನು ನೀರು ಅಲ್ಲಿಗೆ ಒಯ್ದಳು, ಒಂದು ಮೋರಿಯ ಮೇಲಿನದು, ಒಂದು ಒಡ್ಡಿನ ಹಿಂದಿನದು.

ಶ್ವೇತ ಗಾಜಿನ ಜಾಡಿಗಳನ್ನು ಸಾಲಾಗಿ ಇಟ್ಟಳು. ಮೊದಲನೆಯದರಲ್ಲಿ ಮೋರಿಯ ಮೇಲಿನ ನೀರು. ಉಳಿದವುಗಳಲ್ಲಿ ಒಡ್ಡಿನ ನೀರು, ಒಂದರಲ್ಲಿ ಹಾಗೇ, ಒಂದರಲ್ಲಿ ನೂರು ಪಾಲು ಒಳ್ಳೆಯ ನೀರು ಬೆರೆಸಿ, ಇನ್ನೊಂದರಲ್ಲಿ ಸಾವಿರ ಪಾಲು. ಪ್ರತಿಯೊಂದಕ್ಕೂ ಹತ್ತು ಹತ್ತು ಮೀನುಮರಿ ಬಿಟ್ಟಳು.

"ನಿಯಮದ ಪ್ರಕಾರ ನಾಲ್ಕು ದಿನ ನೋಡ್ಬೇಕು," ಎಂದಳು. "ಯಾವ ಪ್ರಮಾಣಕ್ಕೆ ಅರ್ಧ ಮೀನು ಸಾಯುತ್ತೆ ಅನ್ನೋದೇ ಲೆಕ್ಕ. ಕೋರ್ಟಿಗೆ ಇದು ಸಾಲಲ್ಲ, ನಿಮಗೆ ದಾರಿ ತೋರಿಸಬಹುದು ಅಷ್ಟೇ."

ಅವಳು ಮಾತು ಮುಗಿಸುವ ಮೊದಲೇ ಬೆರೆಸದ ನೀರಿನ ಜಾಡಿಯಲ್ಲಿ ಮರಿಗಳು ಸುರುಳಿ ತಿರುಗಲು ಶುರುಮಾಡಿದವು. ಒಂದು ಗಾಜಿಗೆ ಬಡಿದುಕೊಂಡಿತು. ಬೆನ್ನು ಬಿಲ್ಲಿನ ಹಾಗೆ ಬಾಗಿ ತಳ ಸೇರಿತು. ಐದು ನಿಮಿಷದಲ್ಲಿ ಹತ್ತೂ ಹೋದವು. ಶ್ವೇತ ಗಡಿಯಾರ ನೋಡಿ ಬರೆದುಕೊಂಡಳು.

"ರೈತರು ಹೊಡೆಯೋ ಔಷಧಿನಾ?"

"ಅದೇ ಜಾತಿ. ಆದ್ರೆ ಅಂಗಡಿಯ ಔಷಧಿ ನೀರಿಗೆ ಬಿದ್ರೆ ಹಾಲಿನ ಹಾಗೆ ಕದಡುತ್ತೆ, ಬೆರೆಯೋಕೆ ಅಂತ ಬೇರೆ ವಸ್ತು ಸೇರಿಸಿರ್ತಾರೆ. ಇದು ಎಣ್ಣೆ ಥರ ತೇಲ್ತಿದೆ ನೋಡಿ. ಇನ್ನೂ ಮಾರಾಟಕ್ಕೆ ತಯಾರಾಗದ ಶುದ್ಧ ಸರಕು ಅನ್ಸುತ್ತೆ. ಯಾವ ಅಂಗಡೀಲೂ ಸಿಗಲ್ಲ."

"ಮತ್ತೆ ಯಾರ ಹತ್ರ ಇರುತ್ತೆ?"

"ಮಾಡೋರ ಹತ್ರ. ಇಲ್ಲಾಂದ್ರೆ ಪರೀಕ್ಷೆ ಮಾಡೋರ ಹತ್ರ. ಹೊಸ ಔಷಧಿ ಮಾರೋಕೆ ಮುಂಚೆ ಹೀಗೇ ಮೀನಿನ ಮೇಲೆ ಪರೀಕ್ಷೆ ಆಗ್ಲೇಬೇಕು. ಅದಕ್ಕೆ ಖಾಸಗಿ ಲ್ಯಾಬ್‌ಗಳಿವೆ."

ಅಲ್ಲಿಂದ ರೋಜಾ ನೇರ ಮೈಸೂರಿಗೆ ಹೋದಳು. ಸಾಕಮ್ಮ ತುರ್ತು ಘಟಕದಲ್ಲಿದ್ದಳು. ಕಣ್ಣಿನ ಪಾಪೆ ಸಾಸಿವೆಯಷ್ಟು, ಬಾಯಿಂದ ಜೊಲ್ಲು, ಮೈಯೆಲ್ಲ ಬೆವರು. ವಿಷ ಚರ್ಮದ ಮೂಲಕ ಹೋಗಿದೆ, ಬಹಳ ಹೊತ್ತು ನೀರಿನಲ್ಲಿ ನಿಂತಿದ್ದಾಳೆ ಎಂದರು ಡಾಕ್ಟರು. ಅವಳ ಉಗುರುಗಳಲ್ಲಿ ಕಾಲುವೆಯ ಮಣ್ಣು ಇನ್ನೂ ಇತ್ತು. ರೋಜಾ ಹೇಳಿಕೆ ಬರೆದುಕೊಳ್ಳಲು ಬಗ್ಗಿದಾಗ ಅವಳೇ ಮೊದಲು ಕೇಳಿದಳು.

"ನಮ್ ಮೀನು... ಉಳ್ಕಂಡವಾ ಕಣವ್ವ?"

"ಅರ್ಧ ಕೆರೆ ಉಳಿದಿದೆ. ನೀವು ಕಟ್ಟಿದ್ದಕ್ಕೆ."

ಸಾಕಮ್ಮ ಮಗಳು ಕವನಳ ಕಡೆ ತಿರುಗಿ, ನೋಡಿದೆಯಾ ಎನ್ನುವಂತೆ ಕಣ್ಣರಳಿಸಿದಳು.

ಬುಧವಾರ ಬೆಳಿಗ್ಗೆ ಶ್ವೇತಳ ಫೋನು. ನೂರು ಪಾಲಿನ ಜಾಡಿಯಲ್ಲಿ ನಿನ್ನೆ ಸಂಜೆಗೇ ಎಲ್ಲ ಸತ್ತಿವೆ. ಸಾವಿರ ಪಾಲಿನದರಲ್ಲಿ ಆರು ಸತ್ತಿವೆ. ಮೋರಿಯ ಮೇಲಿನ ನೀರಿನಲ್ಲಿ ಹತ್ತೂ ಆರಾಮಾಗಿವೆ.

ಅದೇ ಬೆಳಿಗ್ಗೆ ದೇವಯ್ಯ ಮೋರಿಯ ಹತ್ತಿರ ಮೇಕೆ ಮೇಯಿಸುವ ಚಾಮುಂಡಮ್ಮನನ್ನು ಹುಡುಕಿ ಮಾತಿಗೆಳೆದಿದ್ದ. ರೋಜಾ ಬಂದ ಮೇಲೆ ಆಕೆ ಮತ್ತೊಮ್ಮೆ ಹೇಳಿದಳು.

"ಸ್ವಾಮಾರ ಒತ್ತು ಮುಳುಗಾ ಟೇಮು. ಬಿಳೀ ಕಾರು ಕಣವ್ವ. ಇಂದ್ಗಡೆ ಗಾಜ್ಗೆ ನವಿಲಿನ ಚಿತ್ರ. ಒಬ್ಬ ಡಿಕ್ಕಿ ತಗ್ದು ಕ್ಯಾನ್ ಇಳಿಸ್ತಿದ್ದ. ಮೊಣಕೈಗಂಟ ನೀಲಿ ಕೈಗವ್ಸು, ಮೂತಿಗೆ ದಪ್ಪುಂದು ಮುಸ್ಕು. ದನಿನ್ ಡಾಕ್ಟ್ರೇನೋ ಅನ್ಕಂಡೆ. ಮೇಕೆ ಆ ಕಡೆ ಓದ್ರೆ, 'ಏಯ್ ನಿನ್ ಮೇಕೆ ಅಟ್ಕೊಂಡೋಗು, ನೀರ್ ಕುಡ್ಸಬ್ಯಾಡ' ಅಂದ."

ರೋಜಾ ಪೆನ್ನು ನಿಲ್ಲಿಸಿದಳು. "ನೀರು ಕುಡಿಸ್ಬೇಡ ಅಂದ್ನಾ?"

"ಊಂ ಕಣವ್ವ. ಒಳ್ಳೇವ್ನು ಅನ್ಕಂಡೆ."

ನಂಜನಗೂಡಿನ ಸುತ್ತ ಮೀನಿನ ಮೇಲೆ ಇಂಥ ಪರೀಕ್ಷೆ ಮಾಡುತ್ತೇವೆಂದು ಹೇಳಿಕೊಳ್ಳುವ ಲ್ಯಾಬ್‌ಗಳು ಎರಡು. ಮೊದಲನೆಯದು ರಿಪೇರಿಗೆಂದು ಮೂರು ತಿಂಗಳಿಂದ ಬಾಗಿಲು ಹಾಕಿತ್ತು. ಎರಡನೆಯದರ ಅಂಗಳದಲ್ಲಿ ಬಿಳಿ ಕಾರು ನಿಂತಿತ್ತು. ಹಿಂದಿನ ಗಾಜಿನಲ್ಲಿ ನವಿಲು ಗರಿ ಬಿಚ್ಚಿತ್ತು. ಕಾರು ಅಮೃತೇಶ್‌ನದು, ಅಲ್ಲಿನ ಮೀನು ಪರೀಕ್ಷಾ ವಿಭಾಗದ ಮುಖ್ಯಸ್ಥ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಕೋಟು, ಮೆತ್ತನೆಯ ಮಾತು. ಕಾಫಿ ತರಿಸಿದ. ರೋಜಾ ಕಾರಿನ ವಿಷಯ ಎತ್ತಲೇ ಇಲ್ಲ.

"ಕೆರೆ ವಿಷಯ ಕೇಳಿ ಬೇಜಾರಾಯ್ತು ಮೇಡಂ. ನಮ್ಮಿಂದ ಏನು ಸಹಾಯ ಬೇಕಾದ್ರೂ ಮಾಡ್ತೀವಿ."

"ನೀವು ಮೀನಿನ ಪರೀಕ್ಷೆ ಮಾಡ್ತೀರಂತೆ?"

"ನಿರಂತರವಾಗಿ. ಸೆಪ್ಟೆಂಬರ್‌ನಲ್ಲೂ ಒಂದು ಹೊಸ ಕೀಟನಾಶಕದ್ದು ಮುಗಿಸಿದ್ವಿ. ಒಳ್ಳೆ ಫಲಿತಾಂಶ. ಒಂದು ಮೀನೂ ಸಾಯಲಿಲ್ಲ."

ಗೋಡೆಯ ಪಕ್ಕ ಗಾಜಿನ ತೊಟ್ಟಿಗಳಿದ್ದವು. ರೋಜಾ ಒಂದರ ಒಳಗೆ ಬೆರಳಾಡಿಸಿದಳು. ತಳದಲ್ಲಿ ಧೂಳು, ಮೂಲೆಯಲ್ಲಿ ಜೇಡನ ಬಲೆ.

"ಮೀನು ಎಲ್ಲಿಂದ ತರಿಸ್ತೀರಿ?"

"ತಿ. ನರಸೀಪುರದಿಂದ. ಪ್ರೇಮ್‌ಕುಮಾರ್ ಅಂತ, ಮೀನುಮರಿ ಸಾಕ್ತಾರೆ."

ಹೊರಡುವಾಗ ಗೇಟಿನ ಎದುರು ಮಫ್ತಿಯಲ್ಲಿ ಒಬ್ಬ ಕಾನ್‌ಸ್ಟೆಬಲ್‌ನನ್ನು ನಿಲ್ಲಿಸಿದಳು. ಕಾರು ಅಲುಗಿದರೆ ತಿಳಿಸಬೇಕು.

ಗುರುವಾರ ಬೆಳಿಗ್ಗೆ ಅವಳು ಪ್ರೇಮ್‌ಕುಮಾರ್‌ನ ಕೊಳಗಳ ಬದುವಿನ ಮೇಲೆ ನಿಂತಿದ್ದಳು. ಅವನು ಮರಿಗಳಿಗೆ ತೌಡು ಎರಚುತ್ತಲೇ ಮಾತಾಡಿದ.

"ಆ ಲ್ಯಾಬ್ನೋರಾ? ಎರಡ್ ವರ್ಸದ ಇಂದೆ ಒಂದ್ಸಲ ತಗಂಡೋಗಿದ್ರು. ರಾತ್ರಿ ಕರೆಂಟ್ ಓಗಿ ಗಾಳಿ ಮೋಟ್ರು ನಿಂತು ಎಲ್ಲಾ ಸತ್ತೋದೋ ಅಂತ ಕೇಳ್ದೆ. ಅಮೃತೇಶು ಮಾತ್ರ ನನ್ ಮರೀನೇ ಸರಿಯಿಲ್ಲ ಅಂತ ಎಗರಾಡಿದ್ರು."

"ಆಮೇಲೆ?"

"ಆಮೇಲೆ ಈ ಕಡೆ ತಲೇನೇ ಆಕಿಲ್ಲ ಮೇಡಂ."

"ಸೆಪ್ಟೆಂಬರ್‌ನಲ್ಲಿ?"

"ಒಂದ್ ಮರೀನೂ ಇಲ್ಲ. ಬೇಕಾದ್ರೆ ಆಣೆ ಮಾಡ್ತೀನಿ."

ಆಗಲೇ ದೇವಯ್ಯನ ಫೋನು ಬಂತು.

"ಸಾಕಮ್ಮ ತೀರ್ಕಂಡ್ರು ಮೇಡಂ."

ರೋಜಾ ಜೀಪಿನ ಬಾಗಿಲು ಹಾಕಿದ ಸದ್ದಿಗೆ ಬದುವಿನ ಕೊಕ್ಕರೆಗಳು ಎದ್ದವು. ಎರಡು ದಿನದಿಂದ ಬೆಟ್ಟಸ್ವಾಮಿಯ ಮೇಲಿದ್ದ ಸಿಟ್ಟು ಸುಲಭದ್ದಾಗಿತ್ತು. ಅದಕ್ಕೊಂದು ಮುಖವಿತ್ತು, ಅಜ್ಜಿಯ ಕಾಲದಿಂದ ಗೊತ್ತಿದ್ದ ಮುಖ. ಈಗಿನದು ಕಾಫಿ ತರಿಸಿ ಕೊಟ್ಟ, ಬೇಜಾರಾಯ್ತು ಎಂದು ಮೆಲ್ಲಗೆ ಹೇಳಿದ ಮನುಷ್ಯನ ಮೇಲಿನ ಸಿಟ್ಟು.

ಪ್ರಕರಣಕ್ಕೆ ಕಲಂ 105, ಕೊಲೆಯಲ್ಲದ ದಂಡನೀಯ ನರಹತ್ಯೆ, ಸೇರಿತು. ನ್ಯಾಯಾಲಯದಿಂದ ಶೋಧನಾ ವಾರಂಟ್ ಪಡೆದು ಮಧ್ಯಾಹ್ನ ಎರಡಕ್ಕೆ ಲ್ಯಾಬಿಗೆ ಹೋದರು. ಕಾರಿನ ಡಿಕ್ಕಿ ತೆಗೆದಾಗ ದೇವಯ್ಯ ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಕೊಳೆತ ಬೆಳ್ಳುಳ್ಳಿ. ಕೆಳಗಿನ ಮ್ಯಾಟಿನ ಮೇಲೆ ಕ್ಯಾನಿನ ತಳದ ದುಂಡನೆಯ ಎಣ್ಣೆ ಗುರುತು. ಪಂಚನಾಮೆ ಬರೆದು ಮ್ಯಾಟನ್ನೂ ಲ್ಯಾಬಿನೊಳಗೆ ಸಿಕ್ಕ ಕ್ಯಾನನ್ನೂ ವಶಪಡಿಸಿಕೊಂಡರು. ಅಮೃತೇಶ್ ಕೈಕಟ್ಟಿ ನಿಂತು ನೋಡುತ್ತಿದ್ದ.

ಠಾಣೆಯಲ್ಲಿ ವಿಚಾರಣೆ.

"ಸೆಪ್ಟೆಂಬರ್‌ನ ಪರೀಕ್ಷೆಗೆ ಎಷ್ಟು ಮೀನು ಬಳಸಿದ್ರಿ?"

"ಎಪ್ಪತ್ತು."

"ಎಲ್ಲಿಂದ?"

"ಪ್ರೇಮ್‌ಕುಮಾರ್..."

"ಬೆಳಿಗ್ಗೆ ಅವರ ಹತ್ರಾನೇ ಹೋಗಿ ಬಂದೆ."

ಅವನು ಕೋಟಿನ ಗುಂಡಿ ತಿರುವತೊಡಗಿದ.

"ಸೋಮವಾರ ಸಂಜೆ ಹೆಡತಲೆ ರಸ್ತೆ ಮೋರಿ ಹತ್ರ ಯಾಕೆ ನಿಂತ್ರಿ?"

"ನಿಂತಿಲ್ಲ."

"ಮೇಕೆ ಕಾಯೋ ಹೆಂಗಸಿಗೆ ನೀರು ಕುಡಿಸ್ಬೇಡ ಅಂದಿದ್ದು ಯಾರು?"

ಅಮೃತೇಶ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಮೇಡಂ, ಅದು ಕೆರೆಗೆ ಹೋಗುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಹರಿಯೋ ನೀರು, ಬೆರೆತು ಹೋಗುತ್ತೆ ಅಂದ್ಕೊಂಡೆ. ಅಷ್ಟೊಂದು ವಿಷ ಅಂತಾನೂ..."

"ಒಂದು ಮೀನೂ ಸಾಯಲ್ಲ ಅಂತ ವರದಿಗೆ ಸಹಿ ಹಾಕಿದ್ದು ನೀವೇ ಅಲ್ವಾ?"

"ಹೌದು."

"ನಿಮ್ಮ ಮಾತನ್ನ ನೀವೇ ನಂಬಿದ್ರೆ, ಮೊಣಕೈ ತನಕ ಗ್ಲೌಸ್ ಯಾಕೆ ಹಾಕಿದ್ರಿ?"

ರೋಜಾ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

"ನಿನ್ನ ಕೈಗೆ ಗ್ಲೌಸು. ಮೂಗಿಗೆ ಮಾಸ್ಕು. ಮೇಕೆಗೊಂದು ಎಚ್ಚರಿಕೆ. ಆ ಕಾಲುವೆ ಕೊನೇಲಿ ಮನುಷ್ಯರಿದ್ದಾರೆ ಅಂತ ಮಾತ್ರ ಹೊಳೀಲಿಲ್ಲ! ಆಯಮ್ಮ ಬರಿಗೈಯಲ್ಲಿ ನಿನ್ನ ವಿಷಕ್ಕೆ ಅಡ್ಡ ನಿಂತ್ಳು ಕಣೋ, ಬರಿಗೈಯಲ್ಲಿ!"

ತನ್ನ ಕೈ ಮೇಲೆದ್ದದ್ದು ಅವಳಿಗೇ ತಿಳಿಯಲಿಲ್ಲ. ದೇವಯ್ಯ ಬಿದ್ದ ಕುರ್ಚಿಯನ್ನು ಎತ್ತಿ ಅವರಿಬ್ಬರ ನಡುವೆ ಇಟ್ಟ. ಅವನ ಕಣ್ಣೂ ಕೆಂಪಾಗಿತ್ತು. ರೋಜಾ ಕೈ ಇಳಿಸಿ ಕೂತಳು.

"ಹೇಳಿ," ಎಂದಳು. "ಪೂರ್ತಿ ಹೇಳಿ."

ಹೇಳಿದ. ಎರಡು ವರ್ಷದ ಹಿಂದೆ ಮೀನು ಸತ್ತ ಬೆಳಿಗ್ಗೆ ಲ್ಯಾಬಿನ ಮಾಲೀಕರು ಎಲ್ಲರ ಮುಂದೆ, "ಡಾಕ್ಟರೇಟ್ ಮಾಡಿದೋನಿಗೆ ನಾಲ್ಕು ಮೀನು ಸಾಕೋಕೆ ಬರಲ್ಲ" ಎಂದು ನಕ್ಕಿದ್ದರು. ಎಲ್ಲರೂ ನಕ್ಕರು. ಮತ್ತೆ ಮೀನು ತರಿಸಿದರೆ ಮತ್ತೆ ಸಾಯಬಹುದೆಂಬ ದಿಗಿಲಿಗೆ ಮುಂದಿನ ಪರೀಕ್ಷೆಯ ಫಲಿತಾಂಶವನ್ನು ಮೀನೇ ಇಲ್ಲದೆ ಮೇಜಿನ ಮುಂದೆ ಕೂತೇ ಬರೆದ. ಯಾರೂ ಕೇಳಲಿಲ್ಲ. ಅದರ ಮುಂದಿನದನ್ನೂ ಹಾಗೇ ಬರೆದ. ಈ ಶುಕ್ರವಾರ ಕೀಟನಾಶಕದ ಕಂಪನಿಯವರು ತಪಾಸಣೆಗೆ ಬಂದು ಉಳಿದ ಸರಕನ್ನು ವಾಪಸ್ಸು ಪಡೆಯುವವರಿದ್ದರು. ಪರೀಕ್ಷೆ ನಡೆದಿದ್ದರೆ ಕ್ಯಾನು ಮುಕ್ಕಾಲು ಖಾಲಿಯಾಗಿರಬೇಕಿತ್ತು. ಅದರ ಮೊಹರನ್ನೇ ಒಡೆದಿರಲಿಲ್ಲ. ಹಾಗಾಗಿ ಮುಕ್ಕಾಲನ್ನು ಕಾಲುವೆಗೆ ಸುರಿದ.

2025ರ ನವೆಂಬರ್ 13, ಸಂಜೆ ಆರೂ ಹತ್ತಕ್ಕೆ ಅಮೃತೇಶ್‌ನ ಬಂಧನ ದಾಖಲಾಯಿತು. ಅವನು ಪೊಲೀಸರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂದು ರೋಜಾಳಿಗೆ ಗೊತ್ತಿತ್ತು. ಆದರೆ ಮ್ಯಾಟು, ಕ್ಯಾನು, ಚಾಮುಂಡಮ್ಮ, ಪ್ರೇಮ್‌ಕುಮಾರ್, ಮೊಹರು ಮಾಡಿದ ನೀರಿನ ಬಾಟಲಿಗಳು ನಿಲ್ಲುತ್ತವೆ. ಅವನು ಸುಳ್ಳು ಬರೆದ ಉಳಿದ ಪರೀಕ್ಷೆಗಳ ಔಷಧಿಗಳು ಈಗ ಯಾವ ಯಾವ ಹೊಲದಲ್ಲಿವೆಯೋ ಎಂಬುದಕ್ಕೆ ಸಂಬಂಧಪಟ್ಟ ಇಲಾಖೆಗೆ ಬೇರೆ ಪತ್ರ ಹೋಯಿತು.

ಶುಕ್ರವಾರ ಬೆಳಿಗ್ಗೆ ಅವಳು ಕಾಲೋನಿಗೆ ಹೋದಾಗ ಮಣ್ಣು ಮುಗಿದಿತ್ತು. ಹುಚ್ಚಯ್ಯ ಜಗಲಿಯ ಮೇಲೆ ಗೋಡೆಗೆ ಒರಗಿದ್ದ. ಅವಳು ಅವನ ಪಕ್ಕದಲ್ಲೇ ಕೂತಳು. ಅಮೃತೇಶ್‌ನನ್ನು ಹಿಡಿದದ್ದನ್ನು ಹೇಳಿದಳು. ಯಾರು, ಹೇಗೆ ಎಂದು ಅವನು ಕೇಳಲಿಲ್ಲ.

"ನಮ್ ಮ್ಯಾಲೆ ಏನಾರ ಅಗೆ ಇತ್ತಾ ಅವ್ನಿಗೆ?"

"ಇಲ್ಲ. ನೀವು ಯಾರಂತಾನೇ ಅವನಿಗೆ ಗೊತ್ತಿಲ್ಲ."

"ಮತ್ಯಾಕ್ ಮೇಡಂ?"

ರೋಜಾ ಸಾಧ್ಯವಾದಷ್ಟು ಬಿಡಿಸಿ ಹೇಳಿದಳು. ಸತ್ತ ಮರಿಗಳು, ಮಾಲೀಕರ ನಗು, ಮೊಹರು ಒಡೆಯದ ಕ್ಯಾನು. ಹುಚ್ಚಯ್ಯ ಕೊನೆಯತನಕ ಕೇಳಿ, ಇನ್ನೂ ಏನೋ ಬಾಕಿ ಇದೆ ಎನ್ನುವಂತೆ ಅವಳ ಮುಖ ನೋಡುತ್ತಲೇ ಇದ್ದ.

"ನಕ್ಬುಟ್ರು ಅಂತಾವಾ?" ಎಂದ.

"ಹೂಂ."

"ಅಷ್ಟಕ್ಕಾ?"

ಒಳಗೆ ಕವನ ಬಿಕ್ಕುವುದು ಕೇಳಿಸಿತು. ರೋಜಾ ಟೋಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಅಷ್ಟಕ್ಕೇ," ಎಂದಳು.